ಲಾಗ್‌ಔಟ್ ಆದ ಮೇಲೂ ಸೆಷನ್ ತೆರೆದೇ ಇರುತ್ತದೆ, ಗ್ರಾಹಕರಿಗೆ ಮತ್ತೆ ಲಾಗಿನ್ ಆಗುತ್ತಿಲ್ಲ

ಬ್ರಹ್ಮಾವರ_ನೆಟ್:
ನಮಸ್ಕಾರ. ಬ್ರಹ್ಮಾವರದ ಹತ್ತಿರ ಮನೆಗಳಿಗೆ ಇಂಟರ್‌ನೆಟ್ ಕೊಡುವ ಸಣ್ಣ ಕಡೆ ಕೆಲಸ ನನ್ನದು. ಇಲ್ಲಿ ಮೈಕ್ರೊಟಿಕ್ ಕಂಪನಿಯ ರೂಟರ್, ಗ್ರಾಹಕರು ಐಡಿ, ಪಾಸ್‌ವರ್ಡ್ ಹಾಕಿ ಸೇರುವುದು ಪಿಪಿಪಿಒಇ ಮೂಲಕ. ಅವರ ಲಾಗಿನ್ ನೋಡಿ ಲೆಕ್ಕ ಇಡುವ ಫ್ರೀರೇಡಿಯಸ್ ಸರ್ವರ್ ಮಂಗಳೂರಲ್ಲಿ ಉಂಟು. ಮಳೆ ಶುರುವಾದ ಮೇಲೆ ಕರೆಂಟ್ ಹೋಗುವುದು, ಲಿಂಕ್ ಹೋಗುವುದು ದಿನಾ ಇದ್ದದ್ದೇ. ಗ್ರಾಹಕರು ಆಫ್ ಮಾಡಿ ಎಷ್ಟೋ ಹೊತ್ತಾಗಿರುತ್ತದೆ, ರೂಟರಿನ ಆ್ಯಕ್ಟಿವ್ ಲಿಸ್ಟಿನಲ್ಲೂ ಅವರಿಲ್ಲ, ಆದರೆ ಸರ್ವರಿನಲ್ಲಿ ಸೆಷನ್‌ಗಳ ಲೆಕ್ಕ ಇರುವ ರಾಡ್‌ಆಕ್ಟ್ ಟೇಬಲಿನಲ್ಲಿ ಸ್ಟಾಪ್ ಟೈಮ್ ಖಾಲಿ, ಅಂದರೆ ಸೆಷನ್ ಇನ್ನೂ ತೆರೆದೇ ಉಂಟು ಅಂತ. ಒಂದು ಐಡಿಗೆ ಒಂದೇ ಲಾಗಿನ್ ಅಂತ ಇಟ್ಟಿದ್ದೇವೆ, ಹಾಗಾಗಿ ಮತ್ತೆ ಬಂದರೆ ರಿಜೆಕ್ಟ್. ನಿನ್ನೆ ಒಬ್ಬರು ಅಮ್ಮ ಫೋನ್ ಮಾಡಿದ್ದರು, ಮಗಳಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತಂತೆ. ನಮ್ಮವರು "ಪಾಸ್‌ವರ್ಡ್ ಬೇರೆ ಯಾರಿಗೋ ಕೊಟ್ಟಿದ್ದೀರಿ" ಅಂದುಬಿಟ್ಟಿದ್ದಾರೆ. ತುಂಬಾ ಬೇಜಾರಾಯಿತು. ಈಗ ರಾತ್ರಿ ಕೂತು ಆ ಸಾಲುಗಳನ್ನು ಒಂದೊಂದೇ ಡಿಲೀಟ್ ಮಾಡುತ್ತಿದ್ದೇನೆ. ಬೇರೆ ದಾರಿ ಉಂಟಾ?

ಸುರತ್ಕಲ್_ಅಡ್ಮಿನ್:
ಡಿಲೀಟ್ ಮಾತ್ರ ಮಾಡಬೇಡಿ ಮಾರಾಯ್ರೆ! ಲೈಸೆನ್ಸ್ ಪ್ರಕಾರ ಈ ದಾಖಲೆ 2 ವರ್ಷ ಇರಬೇಕು. ಆಗುತ್ತಿರುವುದು ಇಷ್ಟೇ: ಗ್ರಾಹಕ ಹೋದಾಗ ರೂಟರ್ ಸರ್ವರಿಗೆ ಅಕೌಂಟಿಂಗ್ ಸ್ಟಾಪ್, ಅಂದರೆ ಸೆಷನ್ ಮುಗಿಯಿತು ಅನ್ನುವ ಸಂದೇಶ, ಕಳಿಸುತ್ತದೆ. ಅದು ಹೋಗುವುದು ಯುಡಿಪಿ ಪೋರ್ಟ್ 1813ರಲ್ಲಿ, ಯುಡಿಪಿಯಲ್ಲಿ ಮುಟ್ಟಿಯೇ ಮುಟ್ಟುತ್ತದೆ ಅನ್ನುವ ಖಾತ್ರಿ ಇಲ್ಲ. ಆ ಹೊತ್ತಿಗೆ ಲಿಂಕ್ ಇಲ್ಲದಿದ್ದರೆ ರೂಟರ್ ಒಂದೆರಡು ಸಲ ನೋಡಿ ಬಿಟ್ಟುಬಿಡುತ್ತದೆ. ಸ್ಟಾಪ್ ಬರದೆ ಸರ್ವರಿಗೆ ಅವರು ಹೋದದ್ದೇ ಗೊತ್ತಾಗುವುದಿಲ್ಲ. ರೂಟರೇ ಆಫ್ ಆದರಂತೂ ಸ್ಟಾಪ್ ಕಳಿಸುವವರು ಯಾರು? ಇಂಟೆರಿಮ್ ಅಪ್‌ಡೇಟ್, ಅಂದರೆ ಗ್ರಾಹಕ ಇನ್ನೂ ಇದ್ದಾರೆ ಅಂತ ರೂಟರ್ ಆಗಾಗ ಸರ್ವರಿಗೆ ಹೇಳುವುದು, ಎಷ್ಟಕ್ಕೆ ಇಟ್ಟಿದ್ದೀರಿ?

ಬ್ರಹ್ಮಾವರ_ನೆಟ್:
ಈಗಷ್ಟೇ ನೋಡಿದೆ, ಸೊನ್ನೆ ಉಂಟು. ಹಾಕಿಯೇ ಇಲ್ಲ.

ಕಂಕನಾಡಿ_77:
ಅಲ್ಲೇ ಇರುವುದು ಸಮಸ್ಯೆ. 10 ನಿಮಿಷಕ್ಕೆ ಇಡಿ. ರೇಡಿಯಸ್ಸಿನ ನಿಯಮ ಹೇಳುವ ಆರ್‌ಎಫ್‌ಸಿ 2869 ದಾಖಲೆ ಕೂಡ 600 ಸೆಕೆಂಡಿಗಿಂತ ಕಡಿಮೆ ಬೇಡ ಅನ್ನುತ್ತದೆ. ಆಮೇಲೆ ಕ್ರಾನಿನಲ್ಲಿ (ಹೊತ್ತು ಹೊತ್ತಿಗೆ ತಾನೇ ಕೆಲಸ ನಡೆಸುವ ವ್ಯವಸ್ಥೆ) ಒಂದು ಸಣ್ಣ ಡೇಟಾಬೇಸ್ ಕ್ವೆರಿ ಹಾಕಿ, ಅರ್ಧ ಗಂಟೆಯಿಂದ ಅಪ್‌ಡೇಟ್ ಇಲ್ಲದ ಸೆಷನನ್ನು ಮುಚ್ಚಲಿಕ್ಕೆ. ಮುಚ್ಚುವಾಗ ಸ್ಟಾಪ್ ಟೈಮಿಗೆ ಈಗಿನ ಹೊತ್ತು ಹಾಕಬೇಡಿ, ಕೊನೆಯ ಅಪ್‌ಡೇಟ್ ಬಂದ ಹೊತ್ತನ್ನೇ ಹಾಕಿ. ಇಲ್ಲದಿದ್ದರೆ ಗ್ರಾಹಕರು ಬಳಸದ ಗಂಟೆಗಳೂ ಅವರ ಲೆಕ್ಕಕ್ಕೆ ಸೇರುತ್ತವೆ.

ಆದರೆ ಇದರಿಂದ ಅರ್ಧ ಅಷ್ಟೇ ಸರಿಯಾಗುವುದು, ಯಾಕೆಂದರೆ ಇಂಟರ್‌ವ್ಯೂ ಇರುವ ಹುಡುಗಿ ಅರ್ಧ ಗಂಟೆ ಕಾಯಲಿಕ್ಕೆ ಆಗುವುದಿಲ್ಲ ಅಲ್ವಾ? ಅದಕ್ಕೆ ಫ್ರೀರೇಡಿಯಸ್ಸಿನ ಜೊತೆ ಬರುವ ಚೆಕ್‌ರಾಡ್ ಸ್ಕ್ರಿಪ್ಟ್ ಉಂಟು. ರಿಜೆಕ್ಟ್ ಮಾಡುವ ಮೊದಲು ಸರ್ವರ್ ಎಸ್‌ಎನ್‌ಎಂಪಿಯಲ್ಲಿ (ನೆಟ್‌ವರ್ಕ್ ಉಪಕರಣದ ಸ್ಥಿತಿ ಕೇಳುವ ವಿಧಾನ) ರೂಟರನ್ನೇ ಕೇಳುತ್ತದೆ, ಈ ಮನುಷ್ಯ ನಿಜವಾಗಿ ನಿನ್ನಲ್ಲಿ ಇದ್ದಾರಾ ಅಂತ. ಇಲ್ಲ ಅಂದರೆ ಹಳೆಯ ಸೆಷನ್ ಮುಚ್ಚಿ ಒಳಗೆ ಬಿಡುತ್ತದೆ. ಟೇಬಲಿನಲ್ಲಿ ಸ್ಟಾಪ್ ಟೈಮ್ ಖಾಲಿ ಇದ್ದ ಮಾತ್ರಕ್ಕೆ ಯಾರ ಮೇಲೂ ಪಾಸ್‌ವರ್ಡ್ ಹಂಚಿದ ಆರೋಪ ಹಾಕಬಾರದು, ಇದನ್ನು ಫೋನ್ ಎತ್ತುವವರಿಗೂ ಹೇಳಿ.

ಬ್ರಹ್ಮಾವರ_ನೆಟ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಂಟೆರಿಮ್ ಹಾಕಿದೆ, ಅಪ್‌ಡೇಟ್ ಬರುತ್ತಾ ಉಂಟು. ಆ ಅಮ್ಮನಿಗೆ ಫೋನ್ ಮಾಡಿ ತಪ್ಪು ನಮ್ಮದೇ ಅಂತ ಹೇಳಿದೆ. ಎಸ್‌ಎನ್‌ಎಂಪಿ ನಾಳೆ ಬೆಳಿಗ್ಗೆ ಹಾಕುತ್ತೇನೆ, ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳುತ್ತೇನೆ.