‘ಗ್ರಾಹಕ’ ಎಂದರೆ ಕಿವಿಗಿಡುವ ಉಪಕರಣವೇ, ಚಂದಾ ಕಟ್ಟುವ ಮನುಷ್ಯನೇ?

ಮಾನ್ಯರೇ,

ಟೆಲಿಫೋನಿನ ಮೊದಲ ದಿನಗಳ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ರಿಸೀವರ್’ ಎಂಬಲ್ಲಿಗೆ ಬಂದು ಕೈ ನಿಂತಿದೆ. ಪಾರಿಭಾಷಿಕ ಪದ ‘ಗ್ರಾಹಕ’ ಉಂಟು. ಆದರೆ 1878ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ತೆರೆದ ಟೆಲಿಫೋನ್ ವಿನಿಮಯ ಕೇಂದ್ರಕ್ಕೆ ‘21 ಗ್ರಾಹಕರಿದ್ದರು’ ಎಂದು ಅದೇ ಪುಟದಲ್ಲಿ ಬರೆದಿದ್ದೆ! ಅವರನ್ನು ‘ಚಂದಾದಾರರು’ ಎಂದು ತಿದ್ದಿದೆ. ‘ಗ್ರಾಹಕನನ್ನು’, ‘ಗ್ರಾಹಕವನ್ನು’ ಎನ್ನುವಾಗ ವಿಭಕ್ತಿ ಅರ್ಥವನ್ನು ಕಾಯುತ್ತದೆ. ಸಮಾಸದಲ್ಲಿ, ಶೀರ್ಷಿಕೆಯಲ್ಲಿ ಕಾಯುವುದಿಲ್ಲ.

ಇನ್ನೂ ದೊಡ್ಡ ತೊಡಕು ವಸ್ತುವಿನದೇ. 1876ರ ಮಾರ್ಚ್ 10ರಂದು ಬೋಸ್ಟನ್‌ನಲ್ಲಿ ಟೆಲಿಫೋನನ್ನು ರೂಪಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಕೋಣೆಯಿಂದ ಕೂಗಿ ಕರೆದರು. ಇನ್ನೊಂದು ಕೋಣೆಯಲ್ಲಿದ್ದ ಅವರ ಸಹಾಯಕ ವಾಟ್ಸನ್ ಉಪಕರಣಕ್ಕೆ ಒಂದು ಕಿವಿಯನ್ನು ಒತ್ತಿ, ಇನ್ನೊಂದನ್ನು ಕೈಯಿಂದ ಮುಚ್ಚಿಕೊಂಡಿದ್ದರು. ಬೆಲ್ ಅವರ ಟಿಪ್ಪಣಿ ಪುಸ್ತಕದಲ್ಲಿಯೇ ಈ ವಿವರವಿದೆ. ಅಲ್ಲಿ ಮಾತನಾಡುವ ಸಾಧನ ಬೇರೆ, ಕೇಳುವ ಸಾಧನ ಬೇರೆ; ಪ್ರೇಷಕ (ಟ್ರಾನ್ಸ್‌ಮಿಟರ್), ಗ್ರಾಹಕ ಎಂದರೆ ಒಪ್ಪುತ್ತದೆ. ಮರುವರ್ಷ ಜನರಿಗೆ ಬಾಡಿಗೆಗೆ ಸಿಕ್ಕ ಟೆಲಿಫೋನ್ ಪೆಟ್ಟಿಗೆಗೆ ಇದ್ದುದು ಒಂದೇ ಬಾಯಿ. ಅದಕ್ಕೇ ಮಾತನಾಡಿ, ಅದಕ್ಕೇ ಕಿವಿ ಕೊಡಬೇಕು. ಅದನ್ನು ಗ್ರಾಹಕವೆನ್ನಲೇ, ಪ್ರೇಷಕವೆನ್ನಲೇ? ಎಡಿಸನ್ ಅವರ ಇಂಗಾಲದ ಪ್ರೇಷಕ ಬಂದ ಮೇಲೆ ಎರಡೂ ಮತ್ತೆ ಬೇರೆಯಾದವು. ಕಿವಿಯದು ಕೊಕ್ಕೆಗೆ ನೇತುಬಿದ್ದಿತು. ಮುಂದೆ ಎರಡನ್ನೂ ಒಂದೇ ಹಿಡಿಗೆ ಸೇರಿಸಿದರೂ ನಮ್ಮ ಕಥೆಗಳಲ್ಲಿ ಜನ ‘ರಿಸೀವರ್’ ಎತ್ತುತ್ತಲೇ ಇದ್ದರು. ಮಾತನಾಡುವ ತುದಿಗೆ ಆ ಹೆಸರಿನಲ್ಲಿ ಪಾಲೇ ಸಿಗಲಿಲ್ಲ.

ಬೇರೆ ಪದ ಹುಡುಕಿದೆ. ‘ಶ್ರಾವಕ’ ಎಂದರೆ ಜೈನ ಗೃಹಸ್ಥ. ‘ಕೇಳುಗ’ ಎಂದರೆ ರೇಡಿಯೊ ಮುಂದೆ ಕುಳಿತವನು. ಕೆಲಸ ಮಾಡುವವರನ್ನು ಸೂಚಿಸುವ ಇಂಥ ಕರ್ತೃವಾಚಕವನ್ನು ಮುಟ್ಟಿದರೆ ಉಪಕರಣ ಹೋಗಿ ಮನುಷ್ಯ ಬಂದು ನಿಲ್ಲುತ್ತಾನೆ. ‘ಊದುಕೊಳವೆ’ಯ ಜಾಡಿನಲ್ಲಿ ‘ಕೇಳುಕೊಳವೆ’ ಎಂದರೆ ಹೇಗೆ? ಮಕ್ಕಳ ಕಣ್ಣಿಗೆ ವಸ್ತು ಕಟ್ಟುತ್ತದೆ ಎಂಬ ಕಾರಣಕ್ಕೆ ನನಗೆ ಇಷ್ಟ. ಆದರೆ 1877ರ ಒಂದೇ ಬಾಯಿಯ ಪೆಟ್ಟಿಗೆಗೆ ಅದೂ ಒಗ್ಗುವುದಿಲ್ಲ. ಅದನ್ನು ಬರೀ ‘ಟೆಲಿಫೋನು’ ಎಂದು ಬಿಟ್ಟಿದ್ದೇನೆ.

ಹಳೆಯ ಕನ್ನಡ ವಿಜ್ಞಾನ ಪುಸ್ತಕಗಳಲ್ಲಿ ಈ ಎರಡು ಭಾಗಗಳಿಗೆ ಬೇರೆ ಹೆಸರುಗಳನ್ನು ಕಂಡವರಿದ್ದರೆ, ವಾಕ್ಯದ ಸಮೇತ ತಿಳಿಸಬೇಕಾಗಿ ಕೋರುತ್ತೇನೆ. ದೂರವಾಣಿ ಕೇಂದ್ರಗಳಲ್ಲಿ ದುಡಿದವರು ತಮ್ಮ ನಡುವೆ ಬಳಸುತ್ತಿದ್ದ ಮಾತನ್ನೂ ತಿಳಿಸಿದರೆ ಉಪಕಾರ.