ಆ ರೇಡಿಯೋ ಪೆಟ್ಟಿಗೆಗೆ ಮೈಕಾ ಬೇಡ

ತಂಗಿ, ಗಂಗಾವತಿ ಮನೆಯ ಹಳೇ ರೇಡಿಯೋ ಫೋಟೋ ನೋಡಿದೆ. ತಳದ ಹತ್ತಿರ ಮರದ ಮೇಲ್ಪದರ ಎದ್ದಿದೆ, ಒಂದು ಮೂಲೆ ಹುಳ ತಿಂದಿದೆ, ಬಡಿಗೇರರು ಮೇಲೆ ಮೈಕಾ ಹಾಳೆ (ಸನ್‌ಮೈಕಾ) ಅಂಟಿಸೋಣ ಅಂದರು ಅಂತ ಬರೆದಿದ್ದೀಯಲ್ಲಾ. ದಯವಿಟ್ಟು ಮೈಕಾ ಹಾಕಿಸಬೇಡ. ಅಜ್ಜ ಮುಟ್ಟಿದ ಮರ ಅದು, ಉಳಿಸಿಕೊಳ್ಳಬಹುದು.

ಇಂಥ ಹಳೇ ವಾಲ್ವ್ ರೇಡಿಯೋ (ಒಳಗೆ ಗಾಜಿನ ವಾಲ್ವ್‌ಗಳಿರುವ ರೇಡಿಯೋ) ಪೆಟ್ಟಿಗೆಗಳು ಹೆಚ್ಚಾಗಿ ಒಳಗೆ ಪ್ಲೈವುಡ್. ಮೇಲೆ ಒಂದು ಮಿಲಿಮೀಟರ್ ಕೂಡ ಇಲ್ಲದ ಒಳ್ಳೆ ಮರದ ಪದರ, ವಿನಿಯರ್. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಟು ಒಣಗಿ ಪುಡಿಯಾಗುತ್ತದೆ. ಮಳೆಗಾಲಕ್ಕೆ ಮರ ಉಬ್ಬುತ್ತದೆ. ಪದರ ಏಳದೆ ಇರುತ್ತದಾ?

ಮೊದಲು ಮುಂದಿನ ತಿರುಗಿಸುವ ಗುಬ್ಬಿಗಳನ್ನು ಕಿತ್ತು, ತಳದ ಸ್ಕ್ರೂ ಬಿಚ್ಚಿ, ಒಳಗಿನ ಯಂತ್ರ ಹೊರಗೆ ತೆಗೆಸಬೇಕು. ಇದನ್ನು ರೇಡಿಯೋ ಗೊತ್ತಿರುವವರೇ ಮಾಡಲಿ. ಪ್ಲಗ್ ತೆಗೆದ ಮೇಲೂ ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗಗಳಾದ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಡಯಲ್ ಗಾಜಿನ ಒಳಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡ, ಸ್ಟೇಷನ್ ಹೆಸರುಗಳೇ ಅಳಿಸಿ ಹೋಗುತ್ತವೆ.

ಎದ್ದ ಪದರವನ್ನು ಮುರಿಯಬೇಡ. ಹಳೇ ಪೆಟ್ಟಿಗೆಯಾದರೆ ಅಂಟು ಪ್ರಾಣಿ ಚರ್ಮ, ಮೂಳೆಯದ್ದಿರಬಹುದು. ಅದು ಬಿಸಿಗೆ ಕರಗುತ್ತದೆ. ಮೇಲೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆ. ಜಾಸ್ತಿ ಬಿಸಿಯಾದರೆ ಪಾಲಿಶ್ ಬೆಳ್ಳಗಾಗುತ್ತದೆ, ಹುಷಾರು. ತಕ್ಷಣ ಭಾರ ಹೇರು. ಅಂಟಲಿಲ್ಲವಾ? ಒಳಗಿನ ಪುಡಿ ಕೆರೆದು, ಸಿರಿಂಜಿನಲ್ಲಿ ಫೆವಿಕಾಲ್ ಬಿಟ್ಟು, ಹೊರಗೆ ಬಂದದ್ದನ್ನು ಒರೆಸಿ, ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡು. ದುಂಡಗಿನ ಅಂಚಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದರೆ ಅದಕ್ಕಿಂತ ಒಳ್ಳೆ ಪಟ್ಟಿ ಇಲ್ಲ. ಒಂದು ದಿನ ಪೂರ್ತಿ ಬಿಡು.

ಮೂಲೆ ನೋಡಿ ಹೆದರಬೇಡ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಕುಟ್ಟೆ ಹುಳ, ಮಣ್ಣು ಕಂಡರೆ ಗೆದ್ದಲು. ಹುಳದ ಮದ್ದು ಹಾಕಿಸಿದ ಮೇಲೆ, ಕಳೆದುಹೋದ ಜಾಗಕ್ಕೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಬಹುದು. ನಮ್ಮ ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟಿನಲ್ಲಿ ಮರದ ಪುಡಿ, ಸೆಣಬಿನ ಪುಡಿ ಕಲಸಿ ಕಿಟ್ಟ ಮಾಡಿ ಗೊಂಬೆಗಳಿಗೆ ಹಚ್ಚುತ್ತಾರಲ್ವಾ, ಅದೇ ಜಾತಿಯ ಕೆಲಸ. ನಮ್ಮ ಜಿಲ್ಲೆಯಲ್ಲೇ ಇಂಥ ಕೈಗಳಿರುವಾಗ ಮೈಕಾ ಯಾಕೆ? ಮೇಲೆ ಹೊಸ ವಿನಿಯರ್ ತುಂಡು ಕೂರಿಸುವಾಗ ಎಳೆ ಹಳೇ ಮರದ ಎಳೆಯ ದಿಕ್ಕಿಗೇ ಇರಲಿ. ಎಳೆಗೆ ಅಡ್ಡವಾಗಿ ನೇರ ಕತ್ತರಿಸಿದರೆ ಗೆರೆ ಎದ್ದು ಕಾಣುತ್ತದೆ, ಓರೆಯಾಗಿ ಕತ್ತರಿಸಲು ಹೇಳು.

ಉಜ್ಜುವ ಮೆಷಿನ್ ಮಾತ್ರ ಹತ್ತಿರ ಬರಕೂಡದು. ಕ್ಷಣದಲ್ಲಿ ಪ್ಲೈವುಡ್ ಕಾಣುತ್ತದೆ. ಹಿಂಬದಿ ಒಂದು ಮೂಲೆಗೆ ಹತ್ತಿಯಿಂದ ಸ್ಪಿರಿಟ್ ಮುಟ್ಟಿಸಿ ನೋಡು. ಮೆತ್ತಗಾದರೆ ಅರಗಿನ ಪಾಲಿಶ್, ಅದರ ಮೇಲೇ ಹೊಸ ಅರಗು ಹಚ್ಚಿಸಬಹುದು. ಥಿನ್ನರ್‌ಗೆ ಮಾತ್ರ ಕರಗಿದರೆ ಅದು ಲ್ಯಾಕರ್, ಬೇರೆ ಬಗೆಯ ಪಾಲಿಶ್.

ಬಡಿಗೇರರಿಗೆ ಈ ವಾರ ಬರಬೇಡಿ ಅಂತ ಹೇಳಿಬಿಡು. ನಾಳೆ ಹಗಲು ಬೆಳಕಲ್ಲಿ ಆ ಮೂಲೆಯ ಫೋಟೋ ಹತ್ತಿರದಿಂದ ತೆಗೆದು ಕಳಿಸು. ಬಿದ್ದ ಚೂರುಗಳನ್ನೂ ಗುಡಿಸಿ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡು.