ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಬ್ಬರ ಹುಡುಕಾಟ ಇನ್ನೊಬ್ಬರಿಗೆ ಕಾಣದಂತೆ ಅಳಿಸುವುದು ಹೇಗೆ?

ಪ್ರಶ್ನೆ: ಅರಿವು ಕೇಂದ್ರದ ಮೇಲ್ವಿಚಾರಕಿ

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯವೊಂದರ ಮೇಲ್ವಿಚಾರಕಿ. ಈಗ ಅರಿವು ಕೇಂದ್ರವೆಂದು ಕರೆಯಲಾಗುವ ಈ ಗ್ರಂಥಾಲಯದಲ್ಲಿ ಸಾರ್ವಜನಿಕರಿಗಾಗಿ ಎರಡು ಕಂಪ್ಯೂಟರ್‌ಗಳಿವೆ. ಎರಡರಲ್ಲೂ ವಿಂಡೋಸ್ ಇದೆ, ಜನರು ಬಳಸುವುದು ಕ್ರೋಮ್ ಬ್ರೌಸರ್. ಬೆಳಿಗ್ಗೆ ಪಿಡಿಒ ಮತ್ತು ಪೊಲೀಸ್ ಪರೀಕ್ಷೆಗಳಿಗೆ ಓದುವವರು, ಮಧ್ಯಾಹ್ನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು, ಸಂಜೆ ಶಾಲಾ ಮಕ್ಕಳು, ಹೀಗೆ ಒಂದೇ ಕುರ್ಚಿಯಲ್ಲಿ ದಿನಕ್ಕೆ ಹಲವರು ಕೂರುತ್ತಾರೆ.

ನನ್ನ ತೊಂದರೆ ಇದು. ಹುಡುಕುವ ಪೆಟ್ಟಿಗೆಯಲ್ಲಿ ಎರಡು ಅಕ್ಷರ ಒತ್ತಿದ ಕೂಡಲೇ ಮೊದಲು ಕೂತಿದ್ದವರು ಹುಡುಕಿದ ಮಾತುಗಳು ಕೆಳಗೆ ಸಾಲಾಗಿ ಬಂದು ನಿಲ್ಲುತ್ತವೆ. ಒಬ್ಬರು ಮುಟ್ಟಿನ ತೊಂದರೆಗೆ ಚಿಕಿತ್ಸೆ ಏನೆಂದು ನೋಡಿರುತ್ತಾರೆ, ಇನ್ನೊಬ್ಬರು ಬ್ಯಾಂಕಿನ ಸಾಲದ ನೋಟಿಸಿಗೆ ಹೇಗೆ ಉತ್ತರಿಸಬೇಕೆಂದು ನೋಡಿರುತ್ತಾರೆ, ಮತ್ತೊಬ್ಬರು ಜೀವನಾಂಶದ ಬಗ್ಗೆ ಓದಿರುತ್ತಾರೆ. ನಮ್ಮದು ಚಿಕ್ಕ ಊರು. ಯಾರು ಯಾವ ಹೊತ್ತಿನಲ್ಲಿ ಕೂತಿದ್ದರೆಂಬುದು ಪುಸ್ತಕದಲ್ಲಿ ಬರೆದಿರುತ್ತದೆ, ಬರೆಯದಿದ್ದರೂ ಅಲ್ಲಿದ್ದವರಿಗೆ ನೆನಪಿರುತ್ತದೆ. ಈ ಕಾರಣಕ್ಕೇ ಕೆಲವು ಹೆಣ್ಣುಮಕ್ಕಳು ಕಂಪ್ಯೂಟರಿನ ಹತ್ತಿರ ಬರುವುದನ್ನು ಬಿಟ್ಟಿದ್ದಾರೆ, ಮತ್ತು ಅದು ನನಗೆ ಬಹಳ ನೋವಿನ ಸಂಗತಿಯಾಗಿದೆ.

ಹಿಸ್ಟರಿ ಪುಟವನ್ನು ತೆರೆದು ಅಲ್ಲಿದ್ದ ಸಾಲುಗಳನ್ನೆಲ್ಲ ಅಳಿಸಿದ್ದೇನೆ, ಆದರೂ ಕೆಲವು ಮಾತುಗಳು ಬರುತ್ತಲೇ ಇವೆ. ಇದು ಪೂರ್ತಿಯಾಗಿ ಹೋಗಬೇಕಾದರೆ ಏನು ಮಾಡಬೇಕು? ನಾನು ಬುಕ್‌ಮಾರ್ಕ್ ಮಾಡಿಟ್ಟಿರುವ ಸೇವಾ ಸಿಂಧು, ಕೆಇಎ, ವಿದ್ಯಾರ್ಥಿವೇತನದ ತಾಣಗಳು ಉಳಿಯಬೇಕು. ಪ್ರತಿಯೊಬ್ಬರೂ ಎದ್ದ ಮೇಲೆ ನಾನೇ ಹೋಗಿ ಅಳಿಸುವುದು ಸಾಧ್ಯವಾಗದು, ಪುಸ್ತಕ ಕೊಡುವ ಕೆಲಸವೂ ನನ್ನದೇ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕಾಗಿ ಕೋರುತ್ತೇನೆ.

ಉತ್ತರ 1: ಮೈಸೂರಿನ ಸಿಸ್ಟಂ ಅಡ್ಮಿನ್

ಮೇಡಂ, ಅಳಿಸಿದ ಮೇಲೂ ಮಾತುಗಳು ಬರುತ್ತಿರುವುದಕ್ಕೆ ಕಾರಣವಿದೆ. ಪೆಟ್ಟಿಗೆಯ ಕೆಳಗೆ ಇಳಿಯುವ ಆ ಪಟ್ಟಿ ಒಂದೇ ಕಡೆಯಿಂದ ಬರುವುದಲ್ಲ. ಅದರಲ್ಲಿ ಕೆಲವು ಸಾಲುಗಳು ಈ ಕಂಪ್ಯೂಟರಿನ ಡಿಸ್ಕಿನಲ್ಲಿ ಕ್ರೋಮ್ ಬರೆದಿಟ್ಟುಕೊಂಡ ಹಿಸ್ಟರಿಯಿಂದ ಬರುತ್ತವೆ. ಕೆಲವು, ಜನರು ಬೇರೆ ಬೇರೆ ತಾಣಗಳ ಪೆಟ್ಟಿಗೆಗಳಲ್ಲಿ ತುಂಬಿದ್ದನ್ನು ನೆನಪಿಟ್ಟುಕೊಳ್ಳುವ ಆಟೋಫಿಲ್‌ನಿಂದ ಬರುತ್ತವೆ. ಯಾರಾದರೂ ತಮ್ಮ ಜಿಮೇಲ್‌ಗೆ ಲಾಗಿನ್ ಆಗಿ ಹಾಗೆಯೇ ಎದ್ದು ಹೋಗಿದ್ದರೆ, ಗೂಗಲ್‌ನ ಸರ್ವರಿನಲ್ಲಿ ಅವರ ಖಾತೆಗೆ ಸೇರಿದ ಹುಡುಕಾಟಗಳೂ ಬರುತ್ತವೆ. ಇವೆಲ್ಲದರ ಜೊತೆಗೆ, ಬಹಳ ಜನ ಹುಡುಕುವ ಮಾತುಗಳೆಂದು ಗೂಗಲ್ ತಾನೇ ಕಳಿಸುವ ಸಲಹೆಗಳಿರುತ್ತವೆ. ಈ ಕೊನೆಯವು ನಿಮ್ಮೂರಿನ ಯಾರೊಬ್ಬರವೂ ಅಲ್ಲ. ಸಾಲಿನ ಎಡಗಡೆ ಗಡಿಯಾರದ ಗುರುತಿದ್ದರೆ ಅದು ಹಿಂದೆ ಹುಡುಕಿದ್ದು, ಭೂತಗನ್ನಡಿಯ ಗುರುತಿದ್ದರೆ ಸಾಮಾನ್ಯವಾಗಿ ಗೂಗಲ್ ಕಳಿಸಿದ ಸಲಹೆ. ಈ ವ್ಯತ್ಯಾಸವನ್ನು ಅಲ್ಲಿಗೆ ಬರುವವರಿಗೂ ತಿಳಿಸಿ. ಯಾರೂ ಹುಡುಕದೆ ಇದ್ದ ಮಾತನ್ನು ಕಂಡು ಇನ್ನೊಬ್ಬರ ಮೇಲೆ ಅನುಮಾನ ಪಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಈಗ ಅಳಿಸುವ ಕ್ರಮ. ಅದಕ್ಕೂ ಮೊದಲು ಕ್ರೋಮ್‌ನ ಬಲ ಮೇಲ್ತುದಿಯಲ್ಲಿರುವ ಪ್ರೊಫೈಲ್ ಚಿತ್ರವನ್ನು ಒತ್ತಿ, ಬೇರೆ ಯಾರದಾದರೂ ಖಾತೆ ಅಲ್ಲಿ ಉಳಿದಿದೆಯೇ ಎಂದು ನೋಡಲೇಬೇಕು. ಸಿಂಕ್ (ಒಂದು ಖಾತೆಯ ದಾಖಲೆಯನ್ನು ಎಲ್ಲ ಸಾಧನಗಳಲ್ಲೂ ಒಂದೇ ಆಗಿಡುವ ಸೌಲಭ್ಯ) ಚಾಲೂ ಇರುವ ಖಾತೆ ಉಳಿದಿರುವಾಗ ಹಿಸ್ಟರಿಯನ್ನು ಅಳಿಸಿದರೆ, ಅದು ಆ ವ್ಯಕ್ತಿಯ ಮೊಬೈಲಿನಿಂದಲೂ ಅಳಿಸಿಹೋಗುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದರೂ ಅದು ಇನ್ನೊಬ್ಬರ ದಾಖಲೆಗೆ ಕೈ ಹಾಕಿದಂತೆ. ಅಂಥ ಖಾತೆಗೆ ಕ್ರೋಮ್‌ನಲ್ಲಿ ಪ್ರತ್ಯೇಕ ಪ್ರೊಫೈಲ್ ಇದ್ದರೆ ಅದನ್ನೇ ಈ ಕಂಪ್ಯೂಟರಿನಿಂದ ತೆಗೆದುಹಾಕಿ. ಆಗ ಇಲ್ಲಿರುವ ಪ್ರತಿ ಮಾತ್ರ ಹೋಗುತ್ತದೆ, ಅವರ ಖಾತೆಯಲ್ಲಿರುವುದು ಅವರಿಗೇ ಉಳಿಯುತ್ತದೆ. ನೀವು ಬುಕ್‌ಮಾರ್ಕ್ ಇಟ್ಟಿರುವ ಪ್ರೊಫೈಲಿನಲ್ಲೇ ಅವರು ಲಾಗಿನ್ ಆಗಿದ್ದರೆ ಸೈನ್ ಔಟ್ ಮಾಡಿದರೆ ಸಾಕು.

ಬಳಿಕ ಕಂಟ್ರೋಲ್, ಶಿಫ್ಟ್, ಡಿಲೀಟ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಡಿಲೀಟ್ ಬ್ರೌಸಿಂಗ್ ಡೇಟಾ ಎಂಬ ಕಿಟಕಿ ತೆರೆಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಕ್ಲಿಯರ್ ಬ್ರೌಸಿಂಗ್ ಡೇಟಾ. ಅವಧಿ ಕೇಳುವಲ್ಲಿ ಆಲ್ ಟೈಮ್ ಎಂಬುದನ್ನು ಆರಿಸಿ, ಏಕೆಂದರೆ ಹಲವರು ಅಲ್ಲಿರುವ ಕಡಿಮೆ ಅವಧಿಯನ್ನು ಬದಲಿಸದೆ ಒತ್ತಿಬಿಡುತ್ತಾರೆ ಮತ್ತು ಹಳೆಯದೆಲ್ಲ ಹಾಗೆಯೇ ಉಳಿಯುತ್ತದೆ. ಬ್ರೌಸಿಂಗ್ ಹಿಸ್ಟರಿ, ಕುಕೀಗಳು (ಲಾಗಿನ್‌ನಂಥದ್ದನ್ನು ನೆನಪಿಡಲು ತಾಣಗಳು ಇಡುವ ಸಣ್ಣ ಕಡತಗಳು), ಕ್ಯಾಶ್ (ನೋಡಿದ ಪುಟಗಳ ಉಳಿದ ಪ್ರತಿಗಳು), ಡೌನ್‌ಲೋಡ್ ಹಿಸ್ಟರಿ, ಆಟೋಫಿಲ್ ಫಾರ್ಮ್ ಡೇಟಾ ಇವಿಷ್ಟಕ್ಕೂ ಗುರುತು ಹಾಕಿ ಅಳಿಸಿ. ಬುಕ್‌ಮಾರ್ಕ್‌ಗಳು ಇದರಿಂದ ಹೋಗುವುದಿಲ್ಲ, ನಿಶ್ಚಿಂತೆಯಿಂದಿರಿ. ನೀವು ಹಿಸ್ಟರಿ ಪುಟದಲ್ಲಿ ಅಳಿಸಿದಾಗ ಆಟೋಫಿಲ್ ಹಾಗೆಯೇ ಉಳಿದಿತ್ತು. ಅರ್ಜಿ ತುಂಬಿದವರ ಹೆಸರು, ವಿಳಾಸ, ಫೋನ್ ನಂಬರ್ ಕೂಡ ಇರುವುದು ಅಲ್ಲಿಯೇ, ಆದ್ದರಿಂದ ಹುಡುಕಾಟದ ಮಾತುಗಳಿಗಿಂತ ಅದನ್ನು ಅಳಿಸುವುದು ಹೆಚ್ಚು ಮುಖ್ಯವೆಂದೇ ನಾನು ಹೇಳುತ್ತೇನೆ.

ಯಾವುದೋ ಒಂದು ಸಾಲು ಮಾತ್ರ ಹೋಗಬೇಕಾದರೆ, ಪಟ್ಟಿಯಲ್ಲಿ ಬಾಣದ ಕೀಲಿಯಿಂದ ಆ ಸಾಲಿಗೆ ಇಳಿದು ಶಿಫ್ಟ್ ಮತ್ತು ಡಿಲೀಟ್ ಒತ್ತಿದರೆ ಸಾಕು. ಡಿಸ್ಕಿನಲ್ಲಿರುವ ಹಿಸ್ಟರಿಯನ್ನು ಕ್ರೋಮ್ ತಾನಾಗಿಯೇ 90 ದಿನಗಳ ನಂತರ ತೆಗೆಯುತ್ತದೆ, ಆದರೆ ನಿಮ್ಮ ಸಂದರ್ಭದಲ್ಲಿ 90 ದಿನ ಎಂಬುದು ತೀರಾ ದೀರ್ಘವಾಯಿತು.

ಹೆಸರಿಲ್ಲದ ಮಾತುಗಳಿಂದ ಯಾರನ್ನು ಗುರುತಿಸಲು ಸಾಧ್ಯ ಎಂದು ಯಾರಾದರೂ ಕೇಳಿದರೆ ಈ ಘಟನೆಯನ್ನು ಹೇಳಿ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಎಂಬ ಇಂಟರ್ನೆಟ್ ಸಂಸ್ಥೆಯು ಸಂಶೋಧಕರಿಗೆ ಅನುಕೂಲವಾಗಲೆಂದು ಸುಮಾರು 6.5 ಲಕ್ಷ ಬಳಕೆದಾರರ ಸುಮಾರು 2 ಕೋಟಿ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರರು 4417749 ಎಂಬ ಸಂಖ್ಯೆಯ ಹಿಂದಿದ್ದ ಜಾರ್ಜಿಯಾ ರಾಜ್ಯದ ವೃದ್ಧೆಯನ್ನು, ಅವರು ಹುಡುಕಿದ ಮಾತುಗಳಿಂದಲೇ ಪತ್ತೆಹಚ್ಚಿದರು. ಅಷ್ಟು ದೊಡ್ಡ ದೇಶದಲ್ಲೇ ಹೀಗಾದರೆ, ಎಲ್ಲರೂ ಎಲ್ಲರನ್ನೂ ಬಲ್ಲ ಒಂದು ಹಳ್ಳಿಯಲ್ಲಿ ಗುರುತಿಸಲು ಎಷ್ಟು ಹೊತ್ತು ಬೇಕು?

ಉತ್ತರ 2: ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಶಿಕ್ಷಕ

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ಅದನ್ನು ಒಂದು ಸಲ ಮಾತ್ರ ಮಾಡಿ, ಅಲ್ಲಿಂದ ಮುಂದೆ ಅಳಿಸುವ ಅಗತ್ಯವೇ ಬಾರದಂತೆ ವ್ಯವಸ್ಥೆ ಮಾಡಿಕೊಳ್ಳುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಅಳಿಸುವ ಕ್ರಮವು ಯಾರೋ ಒಬ್ಬರು ನೆನಪಿಟ್ಟುಕೊಂಡು ಮಾಡುವುದನ್ನು ಅವಲಂಬಿಸಿರುತ್ತದೆ. ನೀವು ರಜೆಯಲ್ಲಿದ್ದ ದಿನ ಅದು ತಪ್ಪುತ್ತದೆ, ಮತ್ತು ತಪ್ಪಿದ ಆ ದಿನವೇ ಯಾರದೋ ಮಾತು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಕ್ರೋಮ್‌ನಲ್ಲಿ ಕಿಟಕಿ ಮುಚ್ಚಿದಾಗ ಹಿಸ್ಟರಿ ತಾನಾಗಿ ಅಳಿಯುವ ಆಯ್ಕೆ ಸಾಮಾನ್ಯ ಸೆಟ್ಟಿಂಗ್‌ಗಳಲ್ಲಿ ಇಲ್ಲ. ಮುಚ್ಚಿದಾಗ ತಾಣಗಳ ಡೇಟಾ ಅಳಿಸುವ ಒಂದು ಆಯ್ಕೆ ಇದೆ, ಆದರೆ ಅದು ಕುಕೀಗಳಂಥವನ್ನು ತೆಗೆಯುತ್ತದೆಯೇ ಹೊರತು ಹಿಸ್ಟರಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಕ್ರೋಮ್‌ನಲ್ಲೇ ಇರಬೇಕೆಂದರೆ ಗೆಸ್ಟ್ ಮೋಡ್ ಬಳಸಿ. ಪ್ರೊಫೈಲ್ ಚಿತ್ರವನ್ನು ಒತ್ತಿದಾಗ ಅದು ಸಿಗುತ್ತದೆ. ಅದರಲ್ಲಿ ತೆರೆದ ಎಲ್ಲ ಕಿಟಕಿಗಳನ್ನು ಮುಚ್ಚಿದ ಕೂಡಲೇ ಹಿಸ್ಟರಿ, ಕುಕೀ, ಲಾಗಿನ್ ಎಲ್ಲವೂ ಹೋಗುತ್ತವೆ. ಡೆಸ್ಕ್‌ಟಾಪಿನ ಮೇಲಿರುವ ಕ್ರೋಮ್ ಚಿತ್ರವೇ ಸದಾ ಗೆಸ್ಟ್ ಮೋಡ್‌ನಲ್ಲಿ ತೆರೆಯುವಂತೆ ಮಾಡಬಹುದು: ಆ ಚಿತ್ರದ ಮೇಲೆ ಬಲ ಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಎಂಬ ಪೆಟ್ಟಿಗೆಯಲ್ಲಿರುವ ಸಾಲಿನ ಕೊನೆಗೆ, ಉದ್ಧರಣ ಚಿಹ್ನೆಯ ಹೊರಗೆ, ಒಂದು ಜಾಗ ಬಿಟ್ಟು ಎರಡು ಅಡ್ಡಗೆರೆಗಳನ್ನೂ ಅವುಗಳಿಗೆ ಅಂಟಿದಂತೆ ಗೆಸ್ಟ್ ಎಂಬ ಪದವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ (--guest) ಬರೆಯಿರಿ.

ಆದರೆ ಗೆಸ್ಟ್ ಮೋಡ್‌ನಲ್ಲಿ ನಿಮ್ಮ ಬುಕ್‌ಮಾರ್ಕ್‌ಗಳು ಕಾಣುವುದಿಲ್ಲ. ಅವು ಬೇಕೇ ಬೇಕೆಂದರೆ ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರ್ ನಿಮಗೆ ಹೆಚ್ಚು ಒಪ್ಪುತ್ತದೆ, ಮತ್ತು ಸಾರ್ವಜನಿಕ ಕಂಪ್ಯೂಟರಿಗೆ ನಾನು ಸೂಚಿಸುವುದೂ ಅದನ್ನೇ. ಅದರ ಸೆಟ್ಟಿಂಗ್‌ಗಳಲ್ಲಿ ಪ್ರೈವಸಿ ಆಂಡ್ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ, ಹಿಸ್ಟರಿ ಎಂಬಲ್ಲಿ ಕಸ್ಟಮ್ ಸೆಟ್ಟಿಂಗ್‌ಗಳನ್ನು ಆರಿಸಿಕೊಂಡು, ಫೈರ್‌ಫಾಕ್ಸ್ ಮುಚ್ಚಿದಾಗ ಹಿಸ್ಟರಿ ಅಳಿಸು ಎಂಬುದಕ್ಕೆ ಗುರುತು ಹಾಕಿ. ಪಕ್ಕದ ಗುಂಡಿ ಒತ್ತಿದರೆ ಏನೇನು ಅಳಿಯಬೇಕೆಂಬ ಪಟ್ಟಿ ಬರುತ್ತದೆ. ಫಾರ್ಮ್‌ಗಳ ಮಾಹಿತಿಯೂ ಅದರಲ್ಲಿ ಸೇರಿರಲಿ. ಪಾಸ್‌ವರ್ಡ್ ಉಳಿಸಬೇಕೇ ಎಂದು ಕೇಳುವುದನ್ನು ಅದೇ ಪುಟದಲ್ಲಿ ನಿಲ್ಲಿಸಿ. ವಿಂಡೋಸ್ ಜೊತೆಗೇ ಬರುವ ಎಡ್ಜ್‌ನಲ್ಲಿಯೂ ಪ್ರತಿ ಸಲ ಮುಚ್ಚಿದಾಗ ಏನು ಅಳಿಸಬೇಕೆಂದು ಆರಿಸುವ ಸೌಲಭ್ಯವಿದೆ.

ಈ ಯಾವುದರಲ್ಲೂ ಕಿಟಕಿಯನ್ನು ಕೆಳಗಿಳಿಸಿದರೆ ಸಾಲದು, ಮುಚ್ಚಲೇಬೇಕು. ನಮ್ಮ ಲ್ಯಾಬಿನಲ್ಲಿ ಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠ ಇದು.

ಉತ್ತರ 3: ಸೈಬರ್ ಸೆಂಟರ್ ನಡೆಸುವವನು, ದಾವಣಗೆರೆ

ಮೇಡಂ, ಇಬ್ಬರೂ ಬ್ರೌಸರಿನ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಅದರ ಹೊರಗೆ ಉಳಿಯುವ ಒಂದು ಜಾಗವನ್ನು ನಾನು ಹೇಳಲೇಬೇಕು, ಅದು ಡೌನ್‌ಲೋಡ್ಸ್ ಫೋಲ್ಡರ್. ಡೌನ್‌ಲೋಡ್ ಹಿಸ್ಟರಿ ಅಳಿಸಿದರೆ ಹೋಗುವುದು ಪಟ್ಟಿ ಮಾತ್ರ. ಇಳಿಸಿಕೊಂಡ ಕಡತಗಳು ಫೋಲ್ಡರಿನಲ್ಲಿ ಹಾಗೆಯೇ ಕೂತಿರುತ್ತವೆ. ಗೆಸ್ಟ್ ಮೋಡ್‌ನಲ್ಲಿ ಇಳಿಸಿದವೂ ಅಷ್ಟೇ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಪ್ರತಿ, ಪ್ರವೇಶ ಪತ್ರ, ಇವೆಲ್ಲ ನಮ್ಮಂಥ ಜಾಗಗಳಲ್ಲಿ ಪ್ರಿಂಟ್ ತೆಗೆದ ಮೇಲೆ ಯಾರೂ ಅಳಿಸದ ಕಡತಗಳು. ನಾನು ದಿನವೂ ಅಂಗಡಿ ಮುಚ್ಚುವ ಮೊದಲು ಆ ಫೋಲ್ಡರನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತೇನೆ.

ಇನ್ನೊಂದು ಕಾನೂನಿನ ಮಾತು. ನಮ್ಮಂಥ ವ್ಯಾಪಾರದ ಸೈಬರ್ ಸೆಂಟರ್‌ಗಳಿಗೆ 2011ರ ಕೇಂದ್ರದ ಸೈಬರ್ ಕೆಫೆ ನಿಯಮಗಳು ಅನ್ವಯಿಸುತ್ತವೆ. ಬಂದವರ ಗುರುತಿನ ವಿವರದ ರಿಜಿಸ್ಟರನ್ನೂ, ನೋಡಿದ ತಾಣಗಳ ದಾಖಲೆಯಾದ ಲಾಗನ್ನೂ ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರಬೇಕು. ಕಾನೂನಿನ ವ್ಯಾಖ್ಯೆಯು ವ್ಯಾಪಾರದ ಕ್ರಮದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಒದಗಿಸುವ ಸ್ಥಳಗಳ ಬಗ್ಗೆ ಮಾತನಾಡುತ್ತದೆ. ಉಚಿತ ಗ್ರಂಥಾಲಯದ ವಿಷಯದಲ್ಲಿ ತಾವು ಪಂಚಾಯಿತಿಯಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಆ ಲಾಗ್ ಬೇರೆ, ಬ್ರೌಸರಿನ ಹಿಸ್ಟರಿ ಬೇರೆ. ಲಾಗನ್ನು ನಾವು ಪ್ರತ್ಯೇಕ ತಂತ್ರಾಂಶದಲ್ಲಿ, ಗ್ರಾಹಕರ ಕೈಗೆ ಸಿಗದಂತೆ ಇಡುತ್ತೇವೆ. ಅಧಿಕಾರವುಳ್ಳವರು ಕೇಳಿದಾಗ ಮಾತ್ರ ಅದು ಹೊರಗೆ ಬರುತ್ತದೆ. ಪಕ್ಕದ ಮನೆಯವರು ಅಕ್ಷರ ಒತ್ತಿದಾಗ ಇಳಿಯುವ ಪಟ್ಟಿಯನ್ನು ಯಾವ ನಿಯಮವೂ ಕೇಳುವುದಿಲ್ಲ.

ಅದೇ ನಿಯಮಗಳ ಪ್ರಕಾರ ಕ್ಯಾಬಿನಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರುವಂತಿಲ್ಲ, ಕ್ಯಾಬಿನ್ ಇಲ್ಲದ ಕಡೆ ಪರದೆಗಳು ಎಲ್ಲರೂ ಓಡಾಡುವ ಜಾಗದ ಕಡೆ ಮುಖ ಮಾಡಿರಬೇಕು. ಹಾಗಾಗಿ ಆ ಪಟ್ಟಿ ಕೂತವರಿಗಷ್ಟೇ ಅಲ್ಲ, ಹಿಂದೆ ನಿಂತವರಿಗೂ ಕಾಣುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಅದನ್ನು ಕಾಪಾಡುವ ಕೆಲಸದ ಒಂದು ಪಾಲು ಕಂಪ್ಯೂಟರ್ ಇಟ್ಟುಕೊಂಡಿರುವ ನಮ್ಮ ಮೇಲೂ ಇದೆಯೆಂದು ನಾನು ನಂಬಿದ್ದೇನೆ.

ಮರುಪ್ರಶ್ನೆ: ಅರಿವು ಕೇಂದ್ರದ ಮೇಲ್ವಿಚಾರಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರೊಫೈಲ್ ಚಿತ್ರ ಒತ್ತಿ ನೋಡಿದಾಗ ವಿದ್ಯಾರ್ಥಿನಿಯೊಬ್ಬಳ ಖಾತೆ ಉಳಿದಿತ್ತು. ಸರ್ ಹೇಳಿದಂತೆ ಆ ಪ್ರೊಫೈಲನ್ನು ತೆಗೆದುಹಾಕಿ, ಉಳಿದದ್ದನ್ನು ಆಟೋಫಿಲ್ ಸಹಿತ ಅಳಿಸಿದ್ದೇನೆ. ಎರಡೂ ಕಂಪ್ಯೂಟರ್‌ಗಳಿಗೆ ಫೈರ್‌ಫಾಕ್ಸ್ ಹಾಕುತ್ತಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಹೀಗೆ ಲಾಗಿನ್ ಆಗಿ ಮರೆತು ಹೋದವರು ಮನೆಯಿಂದಲೇ ಏನಾದರೂ ಮಾಡಬಹುದೇ? ಮತ್ತು ತಮ್ಮ ಮೊಬೈಲಿನಲ್ಲಿ ನಮ್ಮ ವೈಫೈ ಬಳಸಿ, ಕ್ರೋಮ್‌ನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ ಹುಡುಕಿದರೆ ನಮಗೆ ಕಾಣುತ್ತದೆಯೇ ಎಂದು ಇಬ್ಬರು ಕೇಳಿದ್ದಾರೆ.

ಉತ್ತರ 4: ಮೈಸೂರಿನ ಸಿಸ್ಟಂ ಅಡ್ಮಿನ್

ಮಾಡಬಹುದು ಮೇಡಂ. ತಮ್ಮ ಮೊಬೈಲಿನಲ್ಲಿ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋದರೆ ಖಾತೆ ತೆರೆದಿರುವ ಸಾಧನಗಳ ಪಟ್ಟಿ ಕಾಣುತ್ತದೆ. ಗ್ರಂಥಾಲಯದ ಕಂಪ್ಯೂಟರನ್ನು ಆರಿಸಿ ಸೈನ್ ಔಟ್ ಒತ್ತಿದರೆ ಅಲ್ಲಿಂದ ಹೊರಬಂದಂತಾಯಿತು. ಖಾತೆಯಲ್ಲಿಯೇ ಉಳಿದ ಹುಡುಕಾಟಗಳನ್ನು ಅಳಿಸಲು ಮೈ ಆಕ್ಟಿವಿಟಿ ಎಂಬ ಪುಟವಿದೆ. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಅಲ್ಲಿ ಗೊತ್ತುಮಾಡಬಹುದು. 2020ರ ಜೂನ್ ನಂತರ ಹೊಸದಾಗಿ ತೆರೆದ ಖಾತೆಗಳಿಗೆ 18 ತಿಂಗಳು ಮೊದಲೇ ನಿಗದಿಯಾಗಿರುತ್ತದೆ. ಅದಕ್ಕಿಂತ ಹಳೆಯ ಖಾತೆ ಇರುವವರು ತಾವೇ ಹೋಗಿ ಆರಿಸಿಕೊಳ್ಳಬೇಕು. ಇದನ್ನು ಅವರವರೇ ಮಾಡಿಕೊಳ್ಳಲಿ. ಪಾಸ್‌ವರ್ಡ್ ಹೇಳುತ್ತೇನೆ, ನೀವೇ ಮಾಡಿಕೊಡಿ ಎಂದು ಯಾರಾದರೂ ಕೇಳಿದರೂ ದಯವಿಟ್ಟು ಒಪ್ಪಬೇಡಿ. ಪಕ್ಕದಲ್ಲಿ ನಿಂತು ದಾರಿ ತೋರಿಸಿ.

ವೈಫೈ ವಿಷಯದಲ್ಲಿ, ಗೂಗಲ್‌ನಲ್ಲಿ ಹುಡುಕಿದ ಮಾತುಗಳು ಎನ್‌ಕ್ರಿಪ್ಟ್ ಆಗಿ, ಅಂದರೆ ನಡುವೆ ಯಾರೂ ಓದಲಾಗದ ಗುಪ್ತ ರೂಪದಲ್ಲಿ, ಹೋಗುವುದರಿಂದ ನಿಮ್ಮ ರೂಟರಿಗಾಗಲಿ ಇಂಟರ್ನೆಟ್ ಒದಗಿಸುವವರಿಗಾಗಲಿ ಅವು ಕಾಣುವುದಿಲ್ಲ. ಯಾವ ತಾಣಕ್ಕೆ ಹೋದರು ಎಂಬ ಹೆಸರು ಮಾತ್ರ ಕಾಣಬಹುದು, ಮತ್ತು ಇನ್‌ಕಾಗ್ನಿಟೊ ಅದನ್ನು ಮರೆಮಾಡುವುದಿಲ್ಲ. ಅದು ಮಾಡುವುದು ಆ ಮೊಬೈಲಿನಲ್ಲಿ ದಾಖಲೆ ಉಳಿಯದಂತೆ ನೋಡಿಕೊಳ್ಳುವುದಷ್ಟೇ. ಇನ್‌ಕಾಗ್ನಿಟೊದಲ್ಲಿದ್ದಾಗಲೂ ಮಾಹಿತಿ ಸಂಗ್ರಹಿಸಲಾಯಿತೆಂದು 2020ರಲ್ಲಿ ಅಮೆರಿಕದಲ್ಲಿ ಹೂಡಿದ್ದ ಮೊಕದ್ದಮೆಯ ರಾಜಿಯಲ್ಲಿ ಗೂಗಲ್ ಅಂಥ ಅಪಾರ ದಾಖಲೆಗಳನ್ನು ನಾಶಪಡಿಸಲು 2024ರಲ್ಲಿ ಒಪ್ಪಿಕೊಂಡಿತು. ಕೇಳಿದ ಇಬ್ಬರಿಗೂ ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹೇಳಿ: ಹುಡುಕಿದ್ದು ಗ್ರಂಥಾಲಯದವರಿಗೆ ಕಾಣುವುದಿಲ್ಲ, ಆದರೆ ಇನ್‌ಕಾಗ್ನಿಟೊ ಎಲ್ಲರಿಂದಲೂ ಬಚ್ಚಿಡುವುದಿಲ್ಲ. ಫೈರ್‌ಫಾಕ್ಸ್ ಹಾಕುವಾಗ ಎಲ್ಲಾದರೂ ತೊಡಕಾದರೆ ಪರದೆಯ ಚಿತ್ರ ತೆಗೆದು ಇಲ್ಲಿಯೇ ಹಾಕಿ, ಅದರಲ್ಲಿ ಯಾರ ಹೆಸರೂ ಇಲ್ಲವೆಂದು ಮೊದಲು ನೋಡಿಕೊಳ್ಳಿ.